ನೈಸರ್ಗಿಕ ಬಣ್ಣ, ಕೈಹೊಲಿಗೆ: ಎರಡು ದಿನದ ಕಾರ್ಯಾಗಾರ ಹೇಗಿದೆ?

ಬೇರು, ಸಿಪ್ಪೆ, ಎಲೆಗಳಿಂದ ಹತ್ತಿ ಬಟ್ಟೆಗೆ ಬಣ್ಣ ಹಾಕಿಸಿ, ಅದೇ ಬಟ್ಟೆಯ ಮೇಲೆ ಕೈಹೊಲಿಗೆ ಕಲಿಸುವ ಕಾರ್ಯಾಗಾರ ಇದು. ಹೊಲಿಗೆಯ ಪಾಠ ಬಹಳ ಚೆನ್ನಾಗಿದೆ. ಬಣ್ಣದ ಪಾಠ ಮಾತ್ರ ಅರ್ಧದಿಂದ ಶುರುವಾಗುತ್ತದೆ.

ಕಾರಣ, ಬಟ್ಟೆ ತಯಾರಾಗಿಯೇ ಕೈಗೆ ಬರುತ್ತದೆ. ಕೆಂಪು ಬಣ್ಣ ಕೊಡುವ ಬೇರಾದ ಮಂಜಿಷ್ಠದ ಪಾತ್ರೆಗೆ ಇಳಿಸಿದರೆ ಸಾಕು, ಇಟ್ಟಿಗೆಗೆಂಪು ಸೊಗಸಾಗಿ ಹಿಡಿಯುತ್ತದೆ. ಮನೆಗೆ ಹೋಗಿ ಅಂಗಡಿಯ ಹೊಸ ಬಟ್ಟೆಗೆ ಹಾಗೇ ಮಾಡಿದರೆ ತೇಪೆತೇಪೆಯಾಗುತ್ತದೆ, ಏಕೆಂದರೆ ಗಂಜಿ, ಜಿಡ್ಡು ನೂಲಿನಲ್ಲೇ ಉಳಿದಿರುತ್ತದೆ.

ಬಿಟ್ಟುಹೋದ ಭಾಗ ಹೀಗಿದೆ. 200 ಗ್ರಾಂ ಬಟ್ಟೆಗೆ, ತೂಕ ಒಣಗಿದ್ದಾಗಲೇ ನೋಡಿ, 4 ಗ್ರಾಂ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಬೇಕು. ನೀರು ಕಂದು ತಿರುಗುತ್ತದೆ. ಬಟ್ಟೆ ಒಣಗಿದ ಮೇಲೆ ಒಂದು ಹನಿ ನೀರು ಬಿಡಿ: ಮುತ್ತಿನಂತೆ ನಿಂತರೆ ಮತ್ತೆ ಕುದಿಸಿ, ಕೂಡಲೇ ಇಂಗಿದರೆ ಮುಂದುವರಿಯಿರಿ. ಆಮೇಲೆ 40 ಗ್ರಾಂ ಅಳಲೆಕಾಯಿ ಪುಡಿಯ ನೀರಿನಲ್ಲಿ ಒಂದು ರಾತ್ರಿ. ತೊಳೆಯದೆ ಹಿಂಡಿ, 30 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಇನ್ನೊಂದು ರಾತ್ರಿ. ಬಣ್ಣವನ್ನು ನೂಲಿಗೆ ಹಿಡಿಸುವುದು ಪಟಿಕ. ಆದರೆ ಹತ್ತಿಗೆ ಅದು ತಾನಾಗಿ ಸರಿಯಾಗಿ ಅಂಟುವುದಿಲ್ಲ, ಅಳಲೆಯ ಒಗರು ಅದನ್ನು ಹಿಡಿದಿಡುತ್ತದೆ. ಎರಡು ರಾತ್ರಿಯ ಈ ಕೆಲಸ ಎರಡು ಹಗಲಿಗೆ ಒಗ್ಗುವುದಿಲ್ಲ. ಕಾರ್ಯಾಗಾರವನ್ನು ಮೂರು ದಿನ ಮಾಡಲಿ, ಇಲ್ಲವೇ ಅಳಲೆಯಿಲ್ಲದೆಯೇ ಪಟಿಕ ಹಿಡಿಯುವ ರೇಷ್ಮೆಯನ್ನು ಕೊಡಲಿ.

ಒಲೆಯ ಮುಂದಿನ ಶಿಸ್ತು ಮೆಚ್ಚುವಂಥದ್ದು. ಪ್ರತಿ ಪಾತ್ರೆಗೂ ಥರ್ಮಾಮೀಟರ್ ಇದೆ, ಪಾತ್ರೆಗಳೆಲ್ಲ ಸ್ಟೀಲಿನವು. ಮಂಜಿಷ್ಠ ಹೆಚ್ಚು ಬಿಸಿಯಾಗಿ ಕುದಿದರೆ ಕೆಂಪು ಕಂದಿನತ್ತ ವಾಲಬಹುದು ಎಂಬುದನ್ನು ಎರಡು ತುಂಡು ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ದಾಳಿಂಬೆ ಸಿಪ್ಪೆಯ ಹಳದಿಯನ್ನು ಬೂದುಹಸಿರಿಗೆ ತಿರುಗಿಸುವ ಅನ್ನಭೇದಿಗೆ (ಕಬ್ಬಿಣದ ಲವಣ) ಬೇರೆ ಬಕೆಟ್ಟು, ಬೇರೆ ಕೋಲು. ಇದು ತೀರಾ ಮುಖ್ಯ: ಆ ಕೋಲು ಮಂಜಿಷ್ಠಕ್ಕೆ ತಗುಲಿದರೂ ಕೆಂಪು ಮಂಕಾಗುತ್ತದೆ. ಅನ್ನಭೇದಿ 200 ಗ್ರಾಂ ಬಟ್ಟೆಗೆ 2ರಿಂದ 4 ಗ್ರಾಂ ಸಾಕು, ಹೆಚ್ಚಾದರೆ ಬಟ್ಟೆ ಜೀರ್ಣವಾಗುತ್ತದೆ. ನೀಲಿಯನ್ನು (ಇಂಡಿಗೊ) ಮಾತ್ರ ಅವಸರದಲ್ಲಿ ಮುಗಿಸಿದರು. ಒಂದೇ ಸಲ ಹೊತ್ತುಗಟ್ಟಲೆ ಮುಳುಗಿಸುವ ಬದಲು ಚಿಕ್ಕಚಿಕ್ಕ ಅದ್ದುಗಳ ನಡುವೆ ಗಾಳಿಗೆ ಹಿಡಿದಿದ್ದರೆ ಗಾಢವಾಗುತ್ತಿತ್ತು, ಉಜ್ಜಿದಾಗ ಬಣ್ಣ ಬಿಡುವುದೂ ಕಡಿಮೆಯಾಗುತ್ತಿತ್ತು.

ಹೊಲಿಗೆಯ ಮೇಜಿನಲ್ಲಿ ಮೊದಲ ಪಾಠವೇ ದಾರ. ಪಾಲಿಯೆಸ್ಟರ್ ದಾರ ಈ ಬಣ್ಣಗಳನ್ನು ಹಿಡಿಯದೆ ಬಿಳಿಯಾಗೇ ಉಳಿಯುತ್ತದೆ. ಹಾಗಾಗಿ ಹತ್ತಿ ದಾರದ ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ ಬಟ್ಟೆಯ ಜೊತೆಗೇ ಬಣ್ಣಕ್ಕೆ ಹಾಕಿಸುತ್ತಾರೆ. ಬಿಗಿದರೆ ಕಟ್ಟಿದ ಕಡೆ ಬಿಳಿ ಮಚ್ಚೆ. ದಾರ 45 ಸೆಂಟಿಮೀಟರ್ ಮೀರಿದರೆ ತಿರುಚಿ ಗಂಟಾಗುತ್ತದೆ. ರನ್ನಿಂಗ್ ಸ್ಟಿಚ್‌ನಲ್ಲಿ ಐದಾರು ಹೊಲಿಗೆಗೊಮ್ಮೆ ಬಟ್ಟೆಯನ್ನು ಹೆಬ್ಬೆರಳಿನಿಂದ ಸವರಿ ಬಿಡಿಸಿದರೆ ಸುಕ್ಕು ನಿಲ್ಲುವುದಿಲ್ಲ.

ಪಾಲಿಯೆಸ್ಟರ್ ದಾರ ಉಪಯೋಗಕ್ಕೆ ಬರುವುದು ಹೊಲಿದು ಬಿಗಿದು ಬಣ್ಣಕ್ಕೆ ಹಾಕಿ, ಬಿಗಿದಲ್ಲಿ ಬಣ್ಣ ತಗುಲದೆ ಗೆರೆ ಉಳಿಯುವ ವಿನ್ಯಾಸಕ್ಕೆ. ಎರಡೆಳೆ ದಾರ, ದಪ್ಪ ಗಂಟು, ಬಟ್ಟೆ ಒದ್ದೆ ಮಾಡಿ ಎಳೆತ. ಸಡಿಲವಿದ್ದಲ್ಲಿ ಬಣ್ಣ ನುಗ್ಗಿ ಗೆರೆ ಅಳಿಸಿಹೋಗುತ್ತದೆ. ಬಿಚ್ಚುವಾಗ ಅವಸರ ಬೇಡ: ಪೂರ್ತಿ ಒಣಗಿದ ಮೇಲೆ ಮಡಿಕೆಗಳನ್ನು ಎರಡೂ ಕಡೆ ಹಿಗ್ಗಿಸಿ, ಗಂಟು ಮೇಲೆದ್ದ ಜಾಗದಲ್ಲಷ್ಟೇ ಕತ್ತರಿ ಹಾಕಿ.