ನೋವು ಯಾವ ಸ್ಟಾಪಿನಲ್ಲಿ ಹತ್ತುತ್ತದೆ? ನನ್ನ ಎರಡು ಮಂಡಿಗಳ ಹೋಲಿಕೆ

ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವಿಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಎಲ್ಲ ವೈದ್ಯರೂ ಕೇಳುತ್ತಾರೆ. ನನಗೆ ಈ ಲೆಕ್ಕ ಒಗ್ಗಲೇ ಇಲ್ಲ. ಇಪ್ಪತ್ತಾರು ವರ್ಷ ಮಂಡ್ಯ–ಮೈಸೂರು ಮಾರ್ಗದಲ್ಲಿ ಟಿಕೆಟ್ ಹರಿದವನು ನಾನು. ನನ್ನ ಅಳತೆಗೋಲನ್ನು ನಾನೇ ಮಾಡಿಕೊಂಡೆ. ಮಂಡ್ಯ ನಿಲ್ದಾಣ ಬಿಟ್ಟ ಮೇಲೆ ನೋವು ಯಾವ ಊರಿನಲ್ಲಿ ಬಸ್ಸು ಹತ್ತುತ್ತದೆ? ಇಂಡುವಾಳಿನಲ್ಲೇ ಹತ್ತಿದರೆ ಆ ದಿನ ಕೆಟ್ಟಿತೆಂದೇ ಲೆಕ್ಕ. ತೂಬಿನಕೆರೆಯಾದರೆ ಹಲ್ಲು ಕಚ್ಚಿಕೊಂಡು ಸಾಗಿಸಬಹುದು. ಗಣಂಗೂರು ದಾಟಿದರೆ ಪರವಾಗಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಕಂಡ ಮೇಲೂ ಮಂಡಿ ಸುಮ್ಮನಿದ್ದರೆ ಅಂದು ಹಬ್ಬ. ವೇ ಬಿಲ್ ಬರೆದು ಬರೆದು ಬಂದ ಅಭ್ಯಾಸವಿದೆಯಲ್ಲ, ಎರಡು ವರ್ಷದಿಂದ ಒಂದು ನೋಟು ಪುಸ್ತಕದಲ್ಲಿ ಇದನ್ನು ದಿನವೂ ಬರೆದಿಟ್ಟಿದ್ದೇನೆ. ಎಡಮಂಡಿಗೆ ಒಂದು ಸಾಲು, ಬಲಮಂಡಿಗೆ ಒಂದು ಸಾಲು.

ಎಕ್ಸ್‌ರೇ ಪ್ರಕಾರ ಎರಡೂ ಮಂಡಿಗಳ ಸವೆತ ನಾಲ್ಕರಲ್ಲಿ ಮೂರನೇ ಹಂತದ್ದು. ಒಂದೇ ವಯಸ್ಸು, ಒಂದೇ ತೂಕ, ಒಂದೇ ಫುಟ್‌ಬೋರ್ಡ್. ಆದರೆ ಪರಿಸ್ಥಿತಿಯ ಒತ್ತಾಯದಿಂದ ಎರಡಕ್ಕೂ ಬೇರೆ ಬೇರೆ ಚಿಕಿತ್ಸೆಗಳಾದವು. ಹಾಗಾಗಿ ಈ ಹೋಲಿಕೆ ಬರೆಯುವ ಧೈರ್ಯ ಮಾಡಿದ್ದೇನೆ. ಇದು ಶುದ್ಧ ಪ್ರಯೋಗವೇನಲ್ಲ. ಒಂದು ಮಂಡಿ ಹಗುರಾದರೆ ಕುಂಟುವುದು ಕಡಿಮೆಯಾಗಿ ಇನ್ನೊಂದರ ಹೊರೆಯೂ ಇಳಿಯುತ್ತದೆ.

ಶುರುವಾದದ್ದು ಎಲ್ಲರಂತೆ ಮಾತ್ರೆಯಿಂದ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೇಳದೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಇಂಡುವಾಳಿನಲ್ಲಿ ನುಂಗಿದರೆ ಶ್ರೀರಂಗಪಟ್ಟಣದ ಹೊತ್ತಿಗೆ ನೋವು ತಣ್ಣಗಾಗುತ್ತಿತ್ತು. ಇಷ್ಟು ಸುಲಭದ ಸುಖ ಇನ್ನಾವುದರಲ್ಲೂ ಸಿಗಲಿಲ್ಲ, ಒಪ್ಪುತ್ತೇನೆ. ಎಂಟು ತಿಂಗಳು ಹೀಗೆ ನಡೆಯಿತು. ಆಮೇಲೆ ಎದೆಯುರಿ ಬಂತು, ಸಂಜೆ ಪಾದ ಊದತೊಡಗಿತು, ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.0 ಇದ್ದದ್ದು 1.5 ಆಗಿತ್ತು. ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಈ ಮಾತ್ರೆ ತಡೆಯುತ್ತದೆ. ಹೊಟ್ಟೆಯ ಒಳಪದರವನ್ನು ಕಾಯುವುದೂ ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುವುದೂ ಅವೇ. ಮೇಲಾಗಿ ನನಗೆ ಸಕ್ಕರೆ ಕಾಯಿಲೆ ಇದೆ. ಮೈಸೂರಿನ ಮೂಳೆ ವೈದ್ಯರು ಚೀಟಿಯ ಮೇಲೆ ಮಾತ್ರೆಯ ಹೆಸರು ಬರೆದು ಅದರ ಮೇಲೆ ದಪ್ಪನೆಯ ಗೀಟು ಎಳೆದುಕೊಟ್ಟರು.

ಅದೇ ಔಷಧದ ಜೆಲ್ ಹಚ್ಚಿಕೊಳ್ಳಿ ಎಂದಾಗ ನನಗೆ ನಗು ಬಂದಿತ್ತು. ಮಂಡಿಗೆ ಮುಲಾಮು ಹಚ್ಚುವುದು ಮುದುಕಿಯರ ಸಮಾಧಾನಕ್ಕೆ ಎಂದುಕೊಂಡಿದ್ದೆ. ನನ್ನ ಎಣಿಕೆ ತಪ್ಪಾಗಿತ್ತು. ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವ ಔಷಧ ಮಾತ್ರೆಯದರ ಸುಮಾರು 6 ಶೇಕಡ ಮಾತ್ರ. ಅಮೆರಿಕದ ಕೀಲುರೋಗ ತಜ್ಞರ 2019ರ ಮಾರ್ಗಸೂಚಿ ಮಂಡಿ ಸವೆತಕ್ಕೆ ಇದನ್ನು ಬಲವಾಗಿಯೇ ಶಿಫಾರಸು ಮಾಡುತ್ತದೆ. ಎಡವಿದ್ದು ಪ್ರಮಾಣದಲ್ಲಿ. ಅಲ್ಲಿನ ಸೂಚನಾಪತ್ರದಲ್ಲಿ ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ ಎಂದಿದೆ. ನಮ್ಮಲ್ಲಿ ಸಿಗುವ 30 ಗ್ರಾಮಿನ ಟ್ಯೂಬು ಆ ಲೆಕ್ಕದಲ್ಲಿ ಒಂದು ಮಂಡಿಗೆ ಎರಡು ದಿನವೂ ಬರುವುದಿಲ್ಲ. ನಾನೋ ಕಡಲೆಕಾಳಿನಷ್ಟು ತೆಗೆದು ಎರಡು ಮಂಡಿಗೂ ಸವರಿ, ಏನೂ ಆಗಲಿಲ್ಲ ಎಂದು ಬೈಯುತ್ತಿದ್ದೆ. ವೈದ್ಯರು ಹೇಳಿದಷ್ಟು, ಅಂದರೆ ದಿನಕ್ಕೆ ಮೂರು ಸಲ ಧಾರಾಳವಾಗಿ ಹಚ್ಚಿದ ವಾರ ನೋವು ಇಂಡುವಾಳಿನಿಂದ ತೂಬಿನಕೆರೆಗೆ ಸರಿಯಿತು. ಒಂದೇ ಸ್ಟಾಪು, ನಿಜ. ಆದರೆ ಹೊಟ್ಟೆ ಉರಿಯಲಿಲ್ಲ.

ನಡುವೆ ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಹರಿಸುವ ಟೆನ್ಸ್ ಎಂಬ ಯಂತ್ರವನ್ನು ಆನ್‌ಲೈನಿನಲ್ಲಿ ತರಿಸಿದೆ. ಮಂಡಿಯ ಸುತ್ತ ನಾಲ್ಕು ಪಟ್ಟಿ ಅಂಟಿಸಿ ಗುಂಡಿ ಒತ್ತಿದರೆ ಸಾಲುಗಟ್ಟಿ ಇರುವೆ ಹರಿದ ಹಾಗೆ ಜುಮುಜುಮು. ಇದರ ಹಿಂದಿನ ತತ್ವ ಮಾತ್ರ ನನಗೆ ಬಹಳ ಹಿಡಿಸಿತು. ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು 1965ರಲ್ಲಿ ಮಂಡಿಸಿದ್ದು: ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ, ಸ್ಪರ್ಶದ ಸಂಕೇತಗಳು ನುಗ್ಗಿದರೆ ನೋವಿನ ಸಂಕೇತಕ್ಕೆ ಒಳಗೆ ದಾರಿ ಸಿಗುವುದಿಲ್ಲ. ಸೋಮವಾರ ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಕಾಲೇಜು ಹುಡುಗರು ಬಾಗಿಲು ತುಂಬಿ ನಿಂತಾಗ ಹಿಂದಿನವರು ರಸ್ತೆಯಲ್ಲೇ ಉಳಿಯುತ್ತಾರಲ್ಲ, ಹಾಗೆ. ಯಂತ್ರ ಆರಿಸಿದ ಹತ್ತು ನಿಮಿಷಕ್ಕೆ ಹುಡುಗರು ಇಳಿದುಹೋಗುತ್ತಾರೆ, ನೋವು ಹತ್ತುತ್ತದೆ. ಈಗ ಅದು ಮೊಮ್ಮಗನ ಆಟಿಕೆ.

ಅಕ್ಕನ ಒತ್ತಾಯಕ್ಕೆ ಆಯುರ್ವೇದದ ಜಾನುಬಸ್ತಿಯನ್ನೂ ಮಾಡಿಸಿಕೊಂಡೆ. "ಸೂಜಿಗೆ ಸಾವಿರಗಟ್ಟಲೆ ಸುರಿಯುವುದಕ್ಕೆ ಮೊದಲು ಇದನ್ನೊಮ್ಮೆ ನೋಡು ತಮ್ಮಾ" ಎಂದಳು. ಉದ್ದಿನ ಹಿಟ್ಟನ್ನು ಕಲಸಿ ಮಂಡಿಯ ಸುತ್ತ ಬಾವಿಕಟ್ಟೆಯಂತೆ ಕಟ್ಟೆ ಕಟ್ಟುತ್ತಾರೆ. ಅದರೊಳಗೆ ಬೆಚ್ಚನೆಯ ಎಣ್ಣೆ. ಆರುತ್ತಿದ್ದ ಹಾಗೆ ಹತ್ತಿಯಿಂದ ಹೀರಿ ತೆಗೆದು ಮತ್ತೆ ಬಿಸಿ ಎಣ್ಣೆ ಬಿಡುತ್ತಾರೆ. ಅರ್ಧ ಗಂಟೆ ಮಲಗಿ ಎಣ್ಣೆಯಲ್ಲಿ ಫ್ಯಾನಿನ ನೆರಳು ತಿರುಗುವುದನ್ನು ನೋಡುತ್ತಿದ್ದೆ. ಎಲ್ಲ ಚಿಕಿತ್ಸೆಗಳಲ್ಲಿ ಹಿತವಾದದ್ದು ಇದೇ. ಬೆಳಗಿನ ಬಿಗಿತ ನಿಜವಾಗಿ ಸಡಿಲವಾಯಿತು. ನೋಟು ಪುಸ್ತಕದ ಊರು ಮಾತ್ರ ಬದಲಾಗಲಿಲ್ಲ.

ನಿಜವಾದ ಪೈಪೋಟಿ ಸೂಜಿಗಳ ನಡುವೆ. ಬಲಮಂಡಿಗೆ ಮೊದಲು ಸ್ಟೀರಾಯ್ಡ್ ಚುಚ್ಚಿಸಿಕೊಂಡೆ. 1,200 ರೂಪಾಯಿ. ಮೂರನೇ ದಿನಕ್ಕೆ ನೋವು ಶ್ರೀರಂಗಪಟ್ಟಣ ದಾಟಿ ಸಿದ್ದಲಿಂಗಪುರಕ್ಕೆ ಹೋಯಿತು! ಆದರೆ ಸಕ್ಕರೆ 280ಕ್ಕೆ ಏರಿ ಐದು ದಿನ ಇಳಿಯಲಿಲ್ಲ. ಸುಖ ಉಳಿದದ್ದು ಏಳು ವಾರ. ಮತ್ತೊಂದು ಹಾಕಿಬಿಡಿ ಎಂದು ಗೋಗರೆದಾಗ ವೈದ್ಯರು ಒಪ್ಪಲಿಲ್ಲ. ಮೂರು ತಿಂಗಳಿಗೊಂದರಂತೆ ಎರಡು ವರ್ಷ ಸ್ಟೀರಾಯ್ಡ್ ಕೊಟ್ಟು ನೋಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಗಿತ್ತು: ಬರೀ ಉಪ್ಪುನೀರಿನ ಸೂಜಿ ಪಡೆದವರಿಗಿಂತ ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ, ಅಂದರೆ ಕೀಲಿನೊಳಗಿನ ಮೆತ್ತೆ, ಹೆಚ್ಚು ಸವೆದಿತ್ತು, ನೋವಿನಲ್ಲಿ ವ್ಯತ್ಯಾಸವಿರಲಿಲ್ಲ. ಅಪರೂಪಕ್ಕೆ ಒಂದು ಸರಿ, ಚಟ ಬೇಡ ಎಂದರು.

ಸಕ್ಕರೆ ಏರಿದ ಕಾರಣ ಎಡಮಂಡಿಗೆ ಬೇರೆ ದಾರಿ ಹಿಡಿಯಬೇಕಾಯಿತು. ಸಹೋದ್ಯೋಗಿಯೊಬ್ಬರು ಪಿಆರ್‌ಪಿ ಮಾಡಿಸಿಕೊಂಡು ಹಾಡಿ ಹೊಗಳುತ್ತಿದ್ದರು. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಲ್ಲುವ ಎಳ್ಳೆಣ್ಣೆ ಬಣ್ಣದ ತಿಳಿಯನ್ನು ಮಂಡಿಗೆ ಬಿಡುವುದು. ಆ ತಿಳಿಯಲ್ಲಿ ತುಂಬಿರುವ ಪ್ಲೇಟ್‌ಲೆಟ್ ಎಂಬ ರಕ್ತಕಣಗಳು ಗಾಯ ಮಾಗಿಸುವ ಅಂಶಗಳನ್ನು ಸುರಿಸುತ್ತವೆ ಎಂಬ ನಂಬಿಕೆ. ನಮ್ಮದೇ ರಕ್ತ ನಮಗೇ ಮದ್ದು ಎಂಬ ಮಾತಿಗೆ ಮನಸ್ಸು ಬೇಗ ಒಲಿಯುತ್ತದೆ. 9,000 ರೂಪಾಯಿ ಕೊಟ್ಟೆ. ನಾಲ್ಕು ದಿನ ಮಂಡಿ ಊದಿ ರಜೆ ಹಾಕಬೇಕಾಯಿತು. ಎರಡು ತಿಂಗಳ ಮೇಲೆ ನೋವು ತೂಬಿನಕೆರೆಯಿಂದ ಗಣಂಗೂರಿನ ಕಡೆಗೆ ಹೊರಳಿದ್ದು ಹೌದು. ಅದೇ ತಿಂಗಳು ವ್ಯಾಯಾಮವನ್ನೂ ಹಿಡಿದಿದ್ದೆ, ಹಾಗಾಗಿ ಶ್ರೇಯಸ್ಸು ಯಾರದೆಂದು ಹೇಳಲಾರೆ. ಹಣ ಕೊಟ್ಟ ಮೇಲೆ ಓದಿದೆ: ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ಪಿಆರ್‌ಪಿ ಉಪ್ಪುನೀರಿಗಿಂತ ಮೇಲೆನಿಸಲಿಲ್ಲ. ಅನುಕೂಲದ ಫಲ ಕಂಡ ಸಣ್ಣ ಅಧ್ಯಯನಗಳೂ ಇವೆ. ನನ್ನ ಜೇಬಿನಿಂದ ಹೇಳುವುದಾದರೆ ಇನ್ನೊಮ್ಮೆ ಮಾಡಿಸುವುದಿಲ್ಲ.

ಬಲಮಂಡಿ ಮತ್ತೆ ಇಂಡುವಾಳಿಗೆ ಬಂದು ಕುಳಿತಾಗ ನೋವಿನ ವೈದ್ಯರೊಬ್ಬರ ಬಳಿ ಕಳುಹಿಸಿದರು. ನೋವಿಗೇ ಪ್ರತ್ಯೇಕ ವೈದ್ಯರಿದ್ದಾರೆಂದು ನನಗೆ ಗೊತ್ತಾದದ್ದೇ ಆಗ. ಹೆಚ್ಚಿನವರು ಅರಿವಳಿಕೆ ಓದಿಕೊಂಡು ಇತ್ತ ಬಂದವರು. ಅವರು ಹೇಳಿದ್ದು ರೇಡಿಯೋ ಫ್ರೀಕ್ವೆನ್ಸಿ. ಜನರ ಬಾಯಲ್ಲಿ "ನರ ಸುಡುವುದು". ಆ ಹೆಸರು ಕೇಳಿಯೇ ನನ್ನ ಹೆಂಡತಿ, "ಕಾಲು ಬಿದ್ದುಹೋದರೆ ಏನು ಗತಿ ಡಾಕ್ಟರೇ?" ಎಂದಳು. ಸುಡುವುದು ಮಂಡಿಯಿಂದ ನೋವಿನ ಸುದ್ದಿ ಒಯ್ಯುವ ಸಣ್ಣ ನರಗಳನ್ನು ಮಾತ್ರ, ಕಾಲು ಆಡಿಸುವ ನರಗಳನ್ನಲ್ಲ ಎಂದು ಅವರು ಚಿತ್ರ ಬರೆದು ತೋರಿಸಿದರು. ಮಂಡಿಗೆ ಈ ವಿಧಾನ ಹೊಸದು. ಇದರ ಮೊದಲ ಮುಖ್ಯ ಪ್ರಯೋಗ ಕೊರಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದದ್ದು.

ನನಗೆ ಮೆಚ್ಚಿಗೆಯಾದದ್ದು ಮೊದಲು ಪರೀಕ್ಷೆ ಮಾಡುವ ಕ್ರಮ. ಮೂರು ಕಡೆ ಮರಗಟ್ಟಿಸುವ ಮದ್ದು ಚುಚ್ಚಿ, "ಹೋಗಿ, ಏನು ಮಾಡಿದರೆ ನೋಯುತ್ತದೋ ಅದನ್ನೇ ಮಾಡಿ ಬನ್ನಿ" ಎಂದು ಕಳುಹಿಸಿದರು. ನಾನು ಹೊರಗೆ ಹೋಗಿ ಸ್ಟಾಪಿನಲ್ಲಿ ನಿಂತಿದ್ದ ನಗರ ಸಾರಿಗೆ ಬಸ್ಸಿನ ಮೆಟ್ಟಿಲನ್ನು ಐದು ಸಲ ಹತ್ತಿ ಇಳಿದೆ. ಒಳಗಿದ್ದ ಕಂಡಕ್ಟರ್ ಹುಡುಗ, "ಹತ್ತುತ್ತೀರೋ ಇಳಿಯುತ್ತೀರೋ ಯಜಮಾನರೇ, ಒಂದು ತೀರ್ಮಾನಕ್ಕೆ ಬನ್ನಿ" ಎಂದು ರೇಗಿದ. ಈ ಮಾತನ್ನು ನಾನು ಎಷ್ಟು ಸಾವಿರ ಜನರಿಗೆ ಅಂದಿದ್ದೇನೋ. ಮಂಡಿ ಮಾತ್ರ ತುಟಿ ಬಿಚ್ಚಲಿಲ್ಲ. ಪರೀಕ್ಷೆಯಲ್ಲಿ ಅರ್ಧದಷ್ಟಾದರೂ ನೋವು ಇಳಿಯದಿದ್ದರೆ ಮುಂದಿನ ಹೆಜ್ಜೆ ಬೇಡ ಎಂಬುದು ಅವರ ನಿಯಮ. ಪಿಆರ್‌ಪಿಗೆ ಇಂಥ ಪರೀಕ್ಷೆ ಎಲ್ಲಿದೆ? ದುಡ್ಡು ಕಟ್ಟಿ ಕಾಯುವುದೇ.

ಸುಡುವ ದಿನ ಪ್ರತಿ ಸೂಜಿಯಲ್ಲೂ ಮೊದಲು ಸಣ್ಣ ವಿದ್ಯುತ್ ಹರಿಸಿ ಕಾಲಿನ ಸ್ನಾಯು ಅದುರುತ್ತದೆಯೇ ಎಂದು ನೋಡಿದರು. ಅದುರದಿದ್ದರೆ ಮಾತ್ರ 80 ಡಿಗ್ರಿ ಶಾಖ, 90 ಸೆಕೆಂಡು. ಮೂರು ಜಾಗ. ಸಂಜೆಗೆ ಮನೆಗೆ ಬಂದೆ. ಮೊದಲ ಹತ್ತು ದಿನ ನೋವು ಹೆಚ್ಚೇ ಆಗಿ, ಮೋಸಹೋದೆನೆಂದು ಕೊರಗಿದೆ. ಮೂರನೇ ವಾರ ನೋಟು ಪುಸ್ತಕದ ಬಲಮಂಡಿ ಸಾಲಿನಲ್ಲಿ ಮೊದಲ ಸಲ "ಮೈಸೂರು" ಎಂದು ಬರೆದೆ. ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಇದರ ಮಿತಿಯನ್ನೂ ಹೇಳಬೇಕು. ನರ ಮತ್ತೆ ಬೆಳೆಯುತ್ತದೆ. ಆರು ತಿಂಗಳೋ ವರ್ಷವೋ, ನೋವು ಹಿಂದಿರುಗಬಹುದು. ಸವೆತವನ್ನು ಇದು ಕಿಂಚಿತ್ತೂ ತಡೆಯುವುದಿಲ್ಲ, ಗಂಟೆಯ ಸದ್ದನ್ನು ನಿಲ್ಲಿಸುತ್ತದೆ ಅಷ್ಟೆ. ಬೆಲೆ 38,000. ಕಂಡಕ್ಟರನ ಲೆಕ್ಕ ಕೇಳಿ: ಒಂಬತ್ತು ತಿಂಗಳಿಗೆ ಹಂಚಿದರೆ ದಿನಕ್ಕೆ ನೂರ ನಲವತ್ತು ರೂಪಾಯಿ. ಸ್ಟೀರಾಯ್ಡ್ ಏಳು ವಾರಕ್ಕೆ ದಿನಕ್ಕೆ ಇಪ್ಪತ್ತೈದು. ಬರೀ ರೂಪಾಯಿ ನೋಡಿದರೆ ಸ್ಟೀರಾಯ್ಡೇ ಗೆಲ್ಲುತ್ತದೆ. ಸಕ್ಕರೆಯ ಏರಿಕೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಎಂಬುದೇ ಸಮಸ್ಯೆ.

ಈಗ ವ್ಯಾಯಾಮ. ಕೊನೆಗೆ ಬರೆಯುತ್ತಿರುವುದು ನಾನು ಅದನ್ನು ಹಿಡಿದದ್ದೇ ಕೊನೆಗಾದ ಕಾರಣ. ಫಿಸಿಯೋಥೆರಪಿಯ ಹುಡುಗಿ ಹತ್ತು ಸಲಕ್ಕೆ 4,000 ತೆಗೆದುಕೊಂಡು ಮೂರೇ ಮೂರು ಕಲಿಸಿದಳು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು, ಮಲಗಿ ಕಾಲನ್ನು ನೇರವಾಗಿ ಎತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಮೊದಲ ದಿನ ಕೈ ಊರದೆ ನಾಲ್ಕು ಸಲ ಏಳಲಾಗಲಿಲ್ಲ. "ಸರ್, ನಿಮ್ಮ ತೊಡೆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದೆ, ಅದರ ಡ್ಯೂಟಿಯನ್ನೂ ಮಂಡಿಯೇ ಮಾಡುತ್ತಿದೆ" ಎಂದಳು. ಡಬಲ್ ಡ್ಯೂಟಿ ಎಂದರೆ ಏನೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ. ಬಲಮಂಡಿಯ ನೋವು ಅಡಗಿದ್ದ ತಿಂಗಳುಗಳಲ್ಲೇ ಇದು ಸಾಧ್ಯವಾಯಿತು. ಅದಕ್ಕೆ ಮೊದಲು ಎರಡು ಸಲ ಶುರುಮಾಡಿ ನೋವಿಗೆ ಹೆದರಿ ಬಿಟ್ಟಿದ್ದೆ. ರಾತ್ರಿ ಮುದ್ದೆಯನ್ನು ಎರಡರಿಂದ ಒಂದಕ್ಕೆ ಇಳಿಸಿ, ಡಿಪೊ ಕ್ಯಾಂಟೀನಿನ ಬೋಂಡಾ ಬಿಟ್ಟು, ಐದು ಕಿಲೋ ಕಡಿಮೆಯಾದೆ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಅಂದರೆ ಹೆಜ್ಜೆಗೆ ಇಪ್ಪತ್ತು ಕಿಲೋ.

ಅಕ್ಕನ ಮಗ ಬೆಂಗಳೂರಿನಿಂದ ಸುದ್ದಿ ಕಳುಹಿಸುತ್ತಲೇ ಇರುತ್ತಾನೆ. "ಮಾವ, ಅಮೆರಿಕದಲ್ಲಿ ಹೊಸ ಮಾತ್ರೆ ಬಂದಿದೆ" ಎಂದದ್ದು ಸುಜೆಟ್ರಿಜಿನ್ ಬಗ್ಗೆ. ಅಲ್ಲಿ 2025ರ ಜನವರಿ 30ರಂದು ಒಪ್ಪಿಗೆ ಸಿಕ್ಕಿತು. ಅಫೀಮಿನ ಕುಲದ್ದಲ್ಲ, ನೋವಿನ ನರದಲ್ಲಿರುವ ಒಂದು ಸೋಡಿಯಂ ದಾರಿಯನ್ನು ಮುಚ್ಚಿ ಸಂಕೇತವನ್ನು ಹೊರಡುವಲ್ಲೇ ತಡೆಯುತ್ತದೆ. ಆದರೆ ಒಪ್ಪಿಗೆ ಇರುವುದು ಶಸ್ತ್ರಚಿಕಿತ್ಸೆಯ ನಂತರದಂಥ ಹೊಸ ನೋವಿಗೆ, ನನ್ನಂಥವರ ಹಳೆಯ ಬಾಡಿಗೆದಾರ ನೋವಿಗಲ್ಲ. ತೂಕ ಇಳಿಸುವ ಸೆಮಾಗ್ಲುಟೈಡ್ ಸೂಜಿ ಸ್ಥೂಲಕಾಯದವರ ಮಂಡಿ ನೋವನ್ನೂ ಚೆನ್ನಾಗಿ ಇಳಿಸಿತೆಂದು 2024ರ ಪ್ರಯೋಗ ಹೇಳಿತು. ಅದರ ತಿಂಗಳ ಖರ್ಚು ಕೇಳಿ ನಾನು ಒಂದೇ ಮುದ್ದೆಗೆ ಗಟ್ಟಿಯಾಗಿ ಅಂಟಿಕೊಂಡೆ.

ಇವತ್ತಿನ ನೋಟು ಪುಸ್ತಕ ಹೀಗಿದೆ. ಬಲಮಂಡಿ ಸುಟ್ಟು ಹತ್ತನೇ ತಿಂಗಳು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹಿಂದೆ ಸರಿದಿದೆ. ಎಡಮಂಡಿಗೆ ಪಿಆರ್‌ಪಿಯ ನಂತರ ಜೆಲ್ ಮತ್ತು ವ್ಯಾಯಾಮ ಬಿಟ್ಟರೆ ಏನೂ ಇಲ್ಲ. ಅದು ಗಣಂಗೂರು ದಾಟಿ ಬಾಬುರಾಯನಕೊಪ್ಪಲಿಗೆ ಬಂದಿದೆ. ಎರಡರ ನಡುವೆ ಈಗ ಒಂದು ಸ್ಟಾಪಿನ ಅಂತರ. ಬಲಕ್ಕೆ ಮತ್ತೆ ಸುಡಿಸಬೇಕೇ ಎಂದು ಕೇಳಿದ್ದಕ್ಕೆ ನೋವಿನ ವೈದ್ಯರು ಕುರ್ಚಿ ತೋರಿಸಿದರು. ಕೈ ಕಟ್ಟಿಕೊಂಡು ಹದಿನಾಲ್ಕು ಸಲ ಎದ್ದೆ. ಮೂರು ತಿಂಗಳು ಬಿಟ್ಟು ಬನ್ನಿ ಎಂದು ಚೀಟಿ ಬರೆದರು.