ಎಚ್‌ಎಸ್‌ಎಚ್ ಪಿಕಪ್, 5 ವೇ ಸ್ವಿಚ್: ಈ ಕಸ್ಟಮ್ ಗಿಟಾರ್ ಹೇಗಿದೆ?

ಒಂದೇ ಗಿಟಾರ್‌ನಲ್ಲಿ ಕ್ಲೀನ್ ರಿದಮ್ಮೂ ಬೇಕು, ಭರ್ಜರಿ ಡಿಸ್ಟಾರ್ಷನ್ನೂ ಬೇಕು ಅಂದರೆ ಎಚ್‌ಎಸ್‌ಎಚ್ ಮಾಡಿಸಿ. ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮೂರು ಪಿಕಪ್: ಎರಡು ಹಂಬಕರ್ (ಜೋಡಿ ಕಾಯಿಲ್‌ನವು), ನಡುವೆ ಒಂದು ಸಿಂಗಲ್ ಕಾಯಿಲ್ (ಒಂದೇ ಕಾಯಿಲ್‌ನದು).

ನನಗೆ ತುಂಬಾ ಹಿಡಿಸಿದ್ದು ಪಿಕಪ್ ಆರಿಸುವ 5 ವೇ ಸ್ವಿಚ್‌ನ 2 ಮತ್ತು 4ನೇ ಸ್ಥಾನ. ಅಲ್ಲಿಗೆ ಸ್ವಿಚ್ ತಂದರೆ ಹಂಬಕರ್ ತಾನಾಗಿಯೇ ಸ್ಪ್ಲಿಟ್ ಆಗಿ, ಅದರ ಒಂದು ಕಾಯಿಲ್ ಮಾತ್ರ ನಡುವಿನ ಪಿಕಪ್ ಜೊತೆ ಪ್ಯಾರಲಲ್ ಸೇರುತ್ತದೆ. ಗಂಟೆಯಂಥ ತೆಳು ಸದ್ದು, ಕೇಳುತ್ತಲೇ ಇರಬೇಕು ಅನಿಸುತ್ತದೆ! ಆದರೆ ಆ ಎರಡು ಕಾಯಿಲ್‌ಗಳ ಸುತ್ತುವಿಕೆಯೂ ಅಯಸ್ಕಾಂತದ ಧ್ರುವವೂ ಒಂದಕ್ಕೊಂದು ವಿರುದ್ಧವಾಗಿರಬೇಕು, ಇಲ್ಲದಿದ್ದರೆ ಗುಂಯ್ ಅನ್ನುವ ಹಮ್ ಹೋಗುವುದಿಲ್ಲ. ಆರ್ಡರ್ ಕೊಡುವಾಗಲೇ ಇದನ್ನು ಹೇಳಿಬಿಡಿ.

ವಾಲ್ಯೂಮ್ ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್) 500ಕೆ, ಅಂದರೆ 500 ಕಿಲೋಓಮ್. ಹಂಬಕರ್‌ಗೆ ಇದೇ ಸರಿ, ಆದರೆ 250ಕೆಗೆ ಒಗ್ಗಿದ ಸಿಂಗಲ್ ಕಾಯಿಲ್ ಇದರಲ್ಲಿ ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ. ನಡುವಿನ ಪಿಕಪ್‌ನಿಂದ ಗ್ರೌಂಡ್‌ಗೆ 470ಕೆ ರೆಸಿಸ್ಟರ್ ಹಾಕಿಸಿದೆ, ಪಿಕಪ್‌ಗೆ ಎದುರಾಗುವ ಒಟ್ಟು ರೆಸಿಸ್ಟೆನ್ಸ್ (ಲೋಡ್) ಸುಮಾರು 242ಕೆಗೆ ಇಳಿದು ಸದ್ದು ಮೆತ್ತಗಾಯಿತು. ಪುಡಿಗಾಸಿನ ವಸ್ತು, ಎಷ್ಟು ವ್ಯತ್ಯಾಸ ಅಲ್ವಾ?

ಕೊರತೆ ಅಂದರೆ, ಸ್ಪ್ಲಿಟ್ ಮಾಡಿದ ಕೂಡಲೇ ವಾಲ್ಯೂಮ್ ಇಳಿಯುತ್ತದೆ. ಸುಮ್ನೆ ಸ್ವಿಚ್‌ಗಳನ್ನು ಪೇರಿಸಿಕೊಂಡು ಹೋಗಬೇಡಿ, ಟೋನ್ ನಾಬ್‌ನಲ್ಲಿ ಒಂದು ಪುಶ್-ಪುಲ್ (ನಾಬ್ ಒತ್ತಿ, ಎಳೆದು ಬದಲಿಸುವ ಸ್ವಿಚ್) ಸಾಕು.