ಉಚಿತ ಸರ್ವಿಸ್ ಕೊಡದ ಕಾರು ಡೀಲರ್: ಕಸ್ಟಮರ್ ಕೇರ್, ಸಹಾಯವಾಣಿ, ನೋಟಿಸ್, ಆಯೋಗ

ಹೊಸ ಕಾರಿನ ಜೊತೆ ಸಿಗುವ ಉಚಿತ ಸರ್ವಿಸ್‌ಗಳಲ್ಲಿ ಎರಡು ಬಗೆಗಳಿವೆ; ತಕರಾರು ಬಂದಾಗ ಎಲ್ಲಿಗೆ ದೂರು ಒಯ್ಯಬೇಕೆಂಬುದು ಬಹುಮಟ್ಟಿಗೆ ಈ ಭೇದದಿಂದಲೇ ತೀರ್ಮಾನವಾಗುತ್ತದೆ. ಮೊದಲನೆಯದು ತಯಾರಕ ಕಂಪನಿ ಕೊಡುವುದು. ಅನೇಕ ಕಾರುಗಳಲ್ಲಿ ಇವು ಮೂರು ಇದ್ದು, 1,000, 5,000 ಮತ್ತು 10,000 ಕಿಲೋಮೀಟರ್‌ಗೆ ಅಥವಾ ಒಂದು, ಆರು, ಹನ್ನೆರಡು ತಿಂಗಳಿಗೆ, ಯಾವುದು ಮೊದಲೋ ಆಗ, ಮಾಡಿಸಿಕೊಳ್ಳಬೇಕೆಂದು ಸರ್ವಿಸ್ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಉಚಿತ ಎಂದರೂ ಬಿಟ್ಟುಕೊಡುವುದು ಲೇಬರ್ ಚಾರ್ಜ್ ಮಾತ್ರ. ಇಂಜಿನ್ ಆಯಿಲ್, ಫಿಲ್ಟರ್‌ಗಳ ಹಣವನ್ನು ನಾವೇ ಕೊಡಬೇಕು. ಎರಡನೆಯದು ಡೀಲರ್ ತನ್ನ ಲೆಕ್ಕದಲ್ಲಿ ಸೇರಿಸುವ ಹೆಚ್ಚುವರಿ ಸರ್ವಿಸ್. ಬೆಲೆ ಇಳಿಸಿ ಎಂದು ಕೇಳಿದಾಗ ಮ್ಯಾಟ್, ಸೀಟ್ ಕವರ್‌ಗಳ ಸಾಲಿನಲ್ಲಿ ‘ಇನ್ನೆರಡು ಫ್ರೀ ಸರ್ವಿಸ್ ಹಾಕಿಕೊಡ್ತೀವಿ ಸರ್’ ಎಂದು ಬರುವುದು ಇದೇ. ನಮ್ಮ ಜಗಳ ಮುಖ್ಯವಾಗಿ ಈ ಎರಡನೆಯದರ ಬಗ್ಗೆ.

ಶಿವಮೊಗ್ಗದ ಒಂದೇ ಶೋರೂಂನಲ್ಲಿ ನಾನೂ ನನ್ನ ತಂಗಿಯೂ ಕೆಲವು ತಿಂಗಳ ಅಂತರದಲ್ಲಿ ಕಾರು ಕೊಂಡೆವು. ನನಗೆ ಕೊಟ್ಟ ಮಾತನ್ನು ಬುಕಿಂಗ್ ಫಾರ್ಮ್‌ನ ಕೆಳಭಾಗದಲ್ಲಿ ಕೈಯಲ್ಲಿ ಬರೆದು ಸೀಲು ಹಾಕಿದ್ದರು; ತಂಗಿಗೆ ಸೇಲ್ಸ್ ಹುಡುಗ ಕಳಿಸಿದ ಒಂದು ವಾಟ್ಸಾಪ್ ಸಂದೇಶವಷ್ಟೇ ಇತ್ತು. ನಾಲ್ಕನೆಯ ಸರ್ವಿಸ್‌ಗೆ ಹೋದಾಗ ಇಬ್ಬರಿಗೂ ಲೇಬರ್ ಚಾರ್ಜ್ ಮತ್ತು ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿಸಿ ಬಿಲ್ ಕೊಟ್ಟರು. ಆ ಸೇಲ್ಸ್‌ನವರು ಕೆಲಸ ಬಿಟ್ಟಿದ್ದಾರೆ, ಸಿಸ್ಟಮ್‌ನಲ್ಲಿ ಅಂಥದ್ದೇನೂ ತೋರಿಸುತ್ತಿಲ್ಲ ಎಂಬುದು ಸರ್ವಿಸ್ ಅಡ್ವೈಸರ್ ಕೊಟ್ಟ ಕಾರಣ. ಹಣ ಕಟ್ಟದೆ ಗೇಟ್ ಪಾಸ್ ಸಿಗುವುದಿಲ್ಲ, ಗೇಟ್ ಪಾಸ್ ಇಲ್ಲದೆ ಕಾರು ಹೊರಗೆ ಬರುವುದಿಲ್ಲ. ಆದ್ದರಿಂದ ಬಿಲ್ಲಿನ ಅವರ ಪ್ರತಿಯ ಮೇಲೂ ನಮ್ಮ ಪ್ರತಿಯ ಮೇಲೂ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು, ಸಹಿ ಹಾಕಿ, ಹಣ ಕಟ್ಟಿ ಬಂದೆವು. ಈ ಒಂದು ಸಾಲು ಮುಂದೆ ಎಲ್ಲ ಕಡೆಯೂ ಕೆಲಸಕ್ಕೆ ಬಂತು.

ಡೀಲರ್‌ನ ಒಳಗೇ ಮೇಲಿನವರನ್ನು ಕಾಣುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರ್ವಿಸ್ ಮ್ಯಾನೇಜರ್ ಸೇಲ್ಸ್ ವಿಭಾಗದ ಕಡೆ ಕೈ ತೋರಿಸಿದರು, ಸೇಲ್ಸ್‌ನವರು ಸರ್ವಿಸ್ ಕಡೆ ತೋರಿಸಿದರು, ಜನರಲ್ ಮ್ಯಾನೇಜರ್ ಕಾಫಿ ತರಿಸಿಕೊಟ್ಟು ‘ನೋಡ್ತೀವಿ’ ಎಂದರು. ನಾವು ಕೇಳಿದ್ದೇವೆ, ಅವರು ಕೊಟ್ಟಿಲ್ಲ ಎಂಬುದಕ್ಕೆ ಒಂದು ಇಮೇಲ್ ದಾಖಲೆ ಉಳಿಯಿತು ಎಂಬುದಷ್ಟೇ ಇದರ ಪ್ರಯೋಜನ.

ತಯಾರಕ ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ನಮಗೆ ಎರಡು ವಿರುದ್ಧ ಅನುಭವಗಳಾದವು. ತಂಗಿಯ ಮೂರನೆಯ ಸರ್ವಿಸ್, ಅಂದರೆ ಕಂಪನಿಯದೇ ಉಚಿತ ಸರ್ವಿಸ್, ಅವಧಿ ಮೀರಿದೆ ಎಂದು ಡೀಲರ್ ಹಿಂದೊಮ್ಮೆ ತಕರಾರು ಮಾಡಿದ್ದಾಗ, ಅವಧಿಯೊಳಗೇ ಅಪಾಯಿಂಟ್‌ಮೆಂಟ್ ಕೇಳಿದ್ದಕ್ಕೆ ಇದ್ದ ಎಸ್‌ಎಂಎಸ್ ಅನ್ನು ಕಸ್ಟಮರ್ ಕೇರ್‌ಗೆ ಕಳಿಸಿದ ಕೂಡಲೇ ಸಮಸ್ಯೆ ಬಗೆಹರಿದಿತ್ತು. ಅದೇ ಧೈರ್ಯದಲ್ಲಿ ಹೆಚ್ಚುವರಿ ಸರ್ವಿಸ್ ವಿಷಯಕ್ಕೆ ಬರೆದರೆ, ‘ಡೀಲರ್ ಜೊತೆ ಮಾತನಾಡಲಾಗಿದೆ’ ಎಂಬ ಒಂದು ಸಾಲಿನೊಂದಿಗೆ ದೂರು ಮುಕ್ತಾಯವಾಯಿತು. ಇದಕ್ಕೆ ಕಾರಣ ಉದಾಸೀನ ಮಾತ್ರವಲ್ಲ. ಕಂಪನಿ ಮತ್ತು ಡೀಲರ್ ನಡುವಿನ ಒಪ್ಪಂದಗಳು ಸಾಮಾನ್ಯವಾಗಿ ಇಬ್ಬರು ಸ್ವತಂತ್ರ ವ್ಯಾಪಾರಿಗಳ ನಡುವಿನ ಒಪ್ಪಂದಗಳಾಗಿರುತ್ತವೆ. ಡೀಲರ್ ಕಂಪನಿಯ ಏಜೆಂಟ್ ಅಲ್ಲ. ಹಳೆಯ ಮಾದರಿಯ ಕಾರನ್ನು ಹೊಸದೆಂದು ಮಾರಿದ ಗೋವಾದ ಪ್ರಕರಣವೊಂದರಲ್ಲಿ, ಟಾಟಾ ಮೋಟಾರ್ಸ್ ಸಲ್ಲಿಸಿದ್ದ ಮೇಲ್ಮನವಿಯ ಮೇಲೆ 2021ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಕಂಪನಿಗೆ ಗೊತ್ತಿತ್ತು ಎಂದು ತೋರಿಸದ ಹೊರತು ಡೀಲರ್‌ನ ಕೃತ್ಯಕ್ಕೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದಿತು. ಆದ್ದರಿಂದ ಪುಸ್ತಕದಲ್ಲಿ ಅಚ್ಚಾದ ಸರ್ವಿಸ್‌ಗೆ ಕಸ್ಟಮರ್ ಕೇರ್ ಅತಿ ವೇಗದ ದಾರಿ. ಪೆನ್ನಿನಲ್ಲಿ ಬರೆದುಕೊಟ್ಟ ಸರ್ವಿಸ್‌ಗೆ ಅಲ್ಲಿ ಕಾಯುವುದು ವ್ಯರ್ಥ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ, ದೂರಿಗೊಂದು ಸಂಖ್ಯೆ ಕೂಡಲೇ ಸಿಗುತ್ತದೆ. ನನ್ನ ದೂರನ್ನು ದಾಖಲಿಸಿಕೊಂಡವರ ಸೌಜನ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಇದು ವ್ಯಾಜ್ಯಕ್ಕೆ ಮೊದಲಿನ ರಾಜಿ ಪ್ರಯತ್ನ. ಯಾರಿಗೂ ಆದೇಶ ಮಾಡುವ ಅಧಿಕಾರ ಸಹಾಯವಾಣಿಗೆ ಇಲ್ಲ. ನನ್ನ ದೂರು ಹೋಗಿ ತಲುಪಿದ್ದು ಕಂಪನಿಯ ಅದೇ ಕಸ್ಟಮರ್ ಕೇರ್ ವಿಭಾಗಕ್ಕೆ, ಅಲ್ಲಿಂದ ಬಂದದ್ದು ಅದೇ ಉತ್ತರ. ಆದರೂ ಕಸ್ಟಮರ್ ಕೇರ್‌ಗಿಂತ ಇದನ್ನು ಒಂದು ಮೆಟ್ಟಿಲು ಮೇಲಿಡುತ್ತೇನೆ, ಏಕೆಂದರೆ ಇಲ್ಲಿಯ ದೂರಿನ ಸಂಖ್ಯೆ ಮತ್ತು ಉತ್ತರಗಳು ಮುಂದೆ ದಾಖಲೆಯಾಗಿ ನಿಲ್ಲುತ್ತವೆ.

ನನ್ನ ಹಣವನ್ನು ವಾಪಸು ತಂದದ್ದು ನೋಟಿಸ್. ವಕೀಲರನ್ನು ವಿಚಾರಿಸಿದಾಗ ಅವರ ಶುಲ್ಕವೇ ನಾನು ಕೇಳಬೇಕಾದ ಲೇಬರ್ ಹಣದ ಹತ್ತಿರಕ್ಕೆ ಬರುತ್ತಿತ್ತು. ಗ್ರಾಹಕ ಆಯೋಗಕ್ಕೆ ಹೋಗುವ ಮೊದಲು ನೋಟಿಸ್ ಕೊಟ್ಟಿರಲೇಬೇಕೆಂದು ಕಾನೂನು ಕೇಳುವುದಿಲ್ಲ. ಕೊಟ್ಟರೆ ಅದು ವಕೀಲರ ಲೆಟರ್‌ಹೆಡ್‌ನಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ಹಾಗಾಗಿ ನಾನೇ ಕನ್ನಡದಲ್ಲಿ ಒಂದೂವರೆ ಪುಟ ಬರೆದೆ. ಬುಕಿಂಗ್ ದಿನಾಂಕ, ಸೀಲು ಇರುವ ಸಾಲಿನ ಯಥಾವತ್ ನಕಲು, ಜಾಬ್ ಕಾರ್ಡ್ ಸಂಖ್ಯೆ, ಆಕ್ಷೇಪಣೆಯೊಂದಿಗೆ ಕಟ್ಟಿದ ಮೊತ್ತ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಆಗುತ್ತದೆ ಎಂಬ ವಾಕ್ಯ, ಹದಿನೈದು ದಿನಗಳ ಗಡುವು: ಇಷ್ಟೇ ಅದರಲ್ಲಿದ್ದುದು. ಬೈಗುಳವಾಗಲಿ, ಸಾಮಾಜಿಕ ಜಾಲತಾಣದಲ್ಲಿ ಹಾಕುತ್ತೇನೆಂಬ ಬೆದರಿಕೆಯಾಗಲಿ ಇರಲಿಲ್ಲ. ಅದನ್ನು ಶೋರೂಂ ವಿಳಾಸಕ್ಕಲ್ಲದೆ ಬಿಲ್ಲಿನಲ್ಲಿದ್ದ ಸಂಸ್ಥೆಯ ನೋಂದಾಯಿತ ಕಚೇರಿಗೂ, ತಲುಪಿದ್ದಕ್ಕೆ ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿದೆ. ಇದುವರೆಗೆ ನನ್ನ ಮಾತು ಕೌಂಟರಿನಲ್ಲಿ ಕೂತವರ ಮುಂದೆ ನಿಂತುಬಿಡುತ್ತಿತ್ತು. ಈ ಕಾಗದ ಮಾಲೀಕರ ಮೇಜಿಗೆ ಹೋಯಿತು. ಗಡುವು ಮುಗಿಯುವ ಮೊದಲೇ ಅವರ ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು.

ಅದೇ ಒಕ್ಕಣೆಯ ನೋಟಿಸನ್ನು ತಂಗಿಯೂ ಕಳಿಸಿದಳು. ಅವಳಿಗೆ ಉತ್ತರವೇ ಬರಲಿಲ್ಲ. ಒಂದೇ ಡೀಲರ್, ಒಂದೇ ಭರವಸೆ, ಒಂದೇ ನೋಟಿಸ್. ವ್ಯತ್ಯಾಸವಿದ್ದದ್ದು ಸೀಲಿನಲ್ಲಿ ಎಂದೇ ನನ್ನ ಊಹೆ. ಬಿಟ್ಟುಹೋದ ನೌಕರನೊಬ್ಬನ ವಾಟ್ಸಾಪ್ ಸಂದೇಶ ತಮ್ಮನ್ನು ಕಟ್ಟಿಹಾಕದು ಎಂದು ಅವರು ಲೆಕ್ಕ ಹಾಕಿರಬೇಕು.

ಆದ್ದರಿಂದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋದದ್ದು ಅವಳ ದೂರು ಮಾತ್ರ. ಇಲ್ಲಿ ಕಾಯ್ದೆ ಗ್ರಾಹಕನ ಪರವಾಗಿ ಎಷ್ಟು ವಾಲಿದೆ ಎಂಬುದು ಒಳಗೆ ಹೋದ ಮೇಲೆ ತಿಳಿಯಿತು. 1986ರ ಹಳೆಯ ಕಾಯ್ದೆಯಲ್ಲಿ ಇಲ್ಲದಿದ್ದ ಒಂದು ಅನುಕೂಲವೆಂದರೆ, ದೂರುದಾರರು ತಾವು ವಾಸಿಸುವ ಊರಿನಲ್ಲಿಯೇ ದೂರು ಕೊಡಬಹುದು. ತಂಗಿ ಇರುವುದು ದಾವಣಗೆರೆಯಲ್ಲಿ. ಶಿವಮೊಗ್ಗದ ಡೀಲರ್ ತನ್ನ ವಕೀಲರನ್ನು ಅಲ್ಲಿಗೆ ಕಳಿಸಬೇಕಾಯಿತು. ಶುಲ್ಕವನ್ನು ನಿರ್ಧರಿಸುವುದು ಕೇಳುವ ಪರಿಹಾರವಲ್ಲ, ಪಾವತಿಸಿದ ಬೆಲೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ಕಾರಿನ ಬೆಲೆಯನ್ನೇ ಹಿಡಿದು ಅವಳು ಕಟ್ಟಿದ್ದು ಈ 200. ವಕೀಲರಿಲ್ಲದೆ ತಾನೇ ವಾದಿಸಬಹುದು. ಎದುರುದಾರರು 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಸೇರಿಸಿ, ತಮ್ಮ ಉತ್ತರ ಸಲ್ಲಿಸಬೇಕು. ಈ 45 ದಿನಗಳ ಮಿತಿಯನ್ನು ಆಯೋಗವೂ ಹಿಗ್ಗಿಸುವಂತಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಇದರ ಕಷ್ಟಗಳನ್ನೂ ಮುಚ್ಚಿಡಬಾರದು. ವಸ್ತುವನ್ನು ಪರೀಕ್ಷೆಗೆ ಒಳಪಡಿಸಬೇಕಿಲ್ಲದ ದೂರುಗಳನ್ನು ಎದುರುದಾರರಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮದು ಅದಕ್ಕಿಂತ ಬಹಳ ಹೆಚ್ಚು ಎಳೆಯಿತು. ದೂರು, ಪ್ರಮಾಣಪತ್ರ, ದಾಖಲೆಗಳ ಪಟ್ಟಿ, ಎದುರುದಾರರಿಗೆ ಪ್ರತಿಗಳು ಎಂದು ಕಾಗದದ ಕೆಲಸ ಸಣ್ಣದಲ್ಲ. ಉದ್ಯೋಗಸ್ಥೆಯಾದ ಅವಳಿಗೆ ಪ್ರತಿ ಮುಂದೂಡಿಕೆಯೂ ಒಂದು ರಜೆ. ಲೇಬರ್ ಹಣವೊಂದನ್ನೇ ನೋಡಿದರೆ ಇಷ್ಟು ಶ್ರಮ ಲಾಭದಾಯಕವಲ್ಲ. ಆದರೆ ಮೊದಲ ಮೂರು ಕಡೆ ಇಲ್ಲದ ಒಂದು ಶಕ್ತಿ ಇಲ್ಲಿದೆ: ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಆದ್ದರಿಂದ ಕೈಯಲ್ಲಿ ಸೀಲು ಹಾಕಿದ ಬರಹ ಇದ್ದವರಿಗೆ ನೋಟಿಸನ್ನೇ ಮೊದಲ ಹೆಜ್ಜೆಯಾಗಿ ಸೂಚಿಸುತ್ತೇನೆ. ಸಹಾಯವಾಣಿಯ ದೂರನ್ನು ಜೊತೆಜೊತೆಗೇ ಕೊಡಬಹುದು. ಬರಹ ದುರ್ಬಲವಾಗಿದ್ದು ಡೀಲರ್ ಮೌನ ವಹಿಸಿದರೆ ಆಯೋಗವೊಂದೇ ಉಳಿಯುವ ದಾರಿ, ಮತ್ತು ಅಲ್ಲಿಗೆ ಹೋಗಲು ವ್ಯಾಜ್ಯ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಮಿತಿ ಇದೆ. ‘ಮುಂದಿನ ಸರ್ವಿಸ್‌ನಲ್ಲಿ ಹೊಂದಿಸಿಕೊಡ್ತೀವಿ’ ಎಂಬ ಮಾತು ನಂಬಿ ಕೂತರೆ ಈ ಅವಧಿ ಸದ್ದಿಲ್ಲದೆ ಕರಗುತ್ತದೆ.

ತಂಗಿಯ ಪ್ರಕರಣ ಅಂತಿಮ ಆದೇಶದವರೆಗೆ ಹೋಗಲಿಲ್ಲ. ಉತ್ತರ ಸಲ್ಲಿಸಿದ ಮೇಲೆ ಡೀಲರ್ ಪರ ವಕೀಲರೇ ರಾಜಿಯ ಮಾತು ತೆಗೆದರು. ಅವರು ಮೊದಲು ಮುಂದಿಟ್ಟದ್ದು ಹಣವಲ್ಲ, ಅದೇ ಶೋರೂಂನ ಮೂರು ಉಚಿತ ಸರ್ವಿಸ್ ಕೂಪನ್‌ಗಳು. ತಂಗಿ ಅವುಗಳನ್ನು ನಯವಾಗಿ ಹಿಂದಕ್ಕೆ ತಳ್ಳಿ, ಕಟ್ಟಿದ ಲೇಬರ್ ಹಣವನ್ನೂ ದೂರಿನ ಖರ್ಚನ್ನೂ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು ಕೇಳಿದಳು. ಜಮಾ ಆದ ಮೇಲೆಯೇ ರಾಜಿ ಪತ್ರಕ್ಕೆ ಸಹಿ ಹಾಕಿದಳು.